ಡ್ರ್ಯಾಗನ್‌ಗೂ ಒಬ್ಬಳು ಅಜ್ಜಿ

ಬಾಣಂತಿ ಮನೆಗೆ ಹೋದವರು ಮಗುವಿನ ಮುಖ ನೋಡಿ ಮೊದಲು ಆಡುವ ಮಾತು ಎಲ್ಲ ಕಡೆಯೂ ಒಂದೇ. ‘ಮೂಗು ಥೇಟ್ ಅಜ್ಜನದು’, ‘ಕಿವಿ ನೋಡು, ಸೋದರಮಾವನ ಕಿವಿ’, ‘ಈ ಹಣೆ ಮಾತ್ರ ನಮ್ಮ ಕಡೆಯದಲ್ಲ’. ಹುಟ್ಟಿ ಮೂರು ದಿನವಾಗಿಲ್ಲ, ಆಗಲೇ ಆ ಪುಟ್ಟ ಮೈಯ ತುಂಬ ಹಿರಿಯರು ಬಂದು ಕೂತಿರುತ್ತಾರೆ. ನನ್ನ ಮಗಳು ಹುಟ್ಟಿದಾಗ ನಮ್ಮಮ್ಮ ಅವಳ ಎಡಗಾಲಿನ ಕಿರುಬೆರಳು ಹಿಡಿದುಕೊಂಡು ಬಹಳ ಹೊತ್ತು ಸುಮ್ಮನಿದ್ದಳು. ಬೆರಳು ಸ್ವಲ್ಪ ಒಳಕ್ಕೆ ಮಡಚಿಕೊಂಡಿತ್ತು. ‘ನಮ್ಮಮ್ಮನ ಬೆರಳು ಕಣೋ ಇದು’ ಅಂದಳು. ಅಮ್ಮನಿಗೆ ಆ ಬೆರಳಿಲ್ಲ, ನನಗೂ ಇಲ್ಲ. ಆ ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಕೊಂಡವಳು. ಅವಳ ಒಂದು ಫೋಟೊ ಕೂಡ ಮನೆಯಲ್ಲಿಲ್ಲ. ಇಷ್ಟು ವರ್ಷ ಎಲ್ಲಿದ್ದಳೋ ಏನೋ, ನಮ್ಮಿಬ್ಬರ ರಕ್ತದಲ್ಲಿ ಸದ್ದಿಲ್ಲದೆ ನಡೆದು ಬಂದು ಆ ದಿನ ಒಂದು ಕಿರುಬೆರಳಾಗಿ ಕಾಣಿಸಿಕೊಂಡಳು.

ಆ ದಿನಗಳಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ರಾತ್ರಿಯೆಲ್ಲ ನಾನು ಓದುತ್ತಿದ್ದುದು ಡ್ರ್ಯಾಗನ್‌ಗಳ ಕಥೆ. ಪರ್ನ್ ಎಂಬ ಗ್ರಹದ ಡ್ರ್ಯಾಗನ್‌ಗಳು. ಅಲ್ಲೂ ಹೆರಿಗೆ ಮನೆಯಂಥದೇ ಒಂದು ಜಾಗವಿದೆ. ಬಂಡೆಯ ಒಳಗೆ ವಿಶಾಲವಾದ ಗುಹೆ, ಕಾದ ಮರಳು, ಮರಳಿನ ಮೇಲೆ ದೊಡ್ಡ ದೊಡ್ಡ ಮೊಟ್ಟೆಗಳು. ಸುತ್ತ ಜನ ಉಸಿರು ಬಿಗಿಹಿಡಿದು ಕೂತಿದ್ದಾರೆ. ಮೊಟ್ಟೆ ಬಿರಿಯುತ್ತದೆ, ಒದ್ದೆ ರೆಕ್ಕೆ ಎಳೆದುಕೊಂಡು ಮರಿ ತಡವರಿಸಿ ಹೊರಬರುತ್ತದೆ. ಮರಳಿನ ಮೇಲೆ ಸಾಲಾಗಿ ನಿಂತ ಹುಡುಗ ಹುಡುಗಿಯರಲ್ಲಿ ಅದು ಒಬ್ಬರನ್ನು ಆರಿಸಿಕೊಳ್ಳುತ್ತದೆ. ಆ ಗಳಿಗೆಯಿಂದ ಇಬ್ಬರ ಮನಸ್ಸೂ ಒಂದೇ, ಮಾತಿಲ್ಲದೆ ಮಾತು. ಸವಾರ ಸತ್ತರೆ ಡ್ರ್ಯಾಗನ್ ಉಳಿಯುವುದಿಲ್ಲ. ಇಷ್ಟೆಲ್ಲದರ ನಡುವೆ ಅಲ್ಲಿ ನೆರೆದವರು ಮೊದಲು ನೋಡುವುದೂ ನಮ್ಮ ಹೆಂಗಸರು ನೋಡುವುದನ್ನೇ. ಯಾವ ಬಣ್ಣ? ಯಾರ ಹಾಗಿದೆ?

ಈ ಲೋಕವನ್ನು ಕಟ್ಟಿದವರು ಆ್ಯನ್ ಮೆಕ್‌ಕ್ಯಾಫ್ರಿ. 1926ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿ, 1970ರಲ್ಲಿ ಮಕ್ಕಳನ್ನು ಕರೆದುಕೊಂಡು ಐರ್ಲೆಂಡಿಗೆ ಹೋಗಿ ನೆಲೆಸಿದವರು. ಅಲ್ಲಿನ ತಮ್ಮ ಮನೆಗೆ ‘ಡ್ರ್ಯಾಗನ್‌ಹೋಲ್ಡ್’ ಎಂದೇ ಹೆಸರಿಟ್ಟಿದ್ದರು. 1967ರಲ್ಲಿ ಪತ್ರಿಕೆಯೊಂದರಲ್ಲಿ ಬಂದ ಪರ್ನ್‌ನ ಮೊದಲ ನೀಳ್ಗತೆಗೆ ಮರುವರ್ಷ ಹ್ಯೂಗೊ ಪ್ರಶಸ್ತಿ ಬಂತು. ಕಥಾಸಾಹಿತ್ಯಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು ಅವರು. 1968ರಲ್ಲಿ ‘ಡ್ರ್ಯಾಗನ್‌ಫ್ಲೈಟ್’ ಕಾದಂಬರಿ. ಆಮೇಲೆ 2011ರಲ್ಲಿ ಕಣ್ಣು ಮುಚ್ಚುವವರೆಗೂ ಆ ಗ್ರಹದ ನಂಟು ಬಿಡಲಿಲ್ಲ.

ಪರ್ನ್‌ನ ಡ್ರ್ಯಾಗನ್‌ಗಳಲ್ಲಿ ಐದು ಬಣ್ಣ. ಚಿನ್ನದ್ದು ರಾಣಿ, ಎಲ್ಲಕ್ಕಿಂತ ದೊಡ್ಡದು, ವಂಶ ಮುಂದುವರಿಯುವುದು ಅವಳಿಂದ. ಕಂಚಿನದು ಗಂಡು, ರಾಣಿಯ ಜೊತೆಗಾರ. ಅದಕ್ಕಿಂತ ಸ್ವಲ್ಪ ಚಿಕ್ಕದು ಕಂದು, ಅದೂ ಗಂಡು. ನೀಲಿ ಇನ್ನೂ ಚಿಕ್ಕದು. ಕೊನೆಯದು ಹಸಿರು, ಎಲ್ಲಕ್ಕಿಂತ ಪುಟ್ಟದು, ಚುರುಕು, ಬೇಗ ದಣಿಯುವಂಥದ್ದು. ಹಸಿರು ಕೂಡ ಹೆಣ್ಣೇ. ಬಣ್ಣ ಹೇಳಿದರೆ ಗಾತ್ರ ಹೇಳಿದಂತೆ, ಗಾತ್ರ ಹೇಳಿದರೆ ಯುದ್ಧದ ಸಾಲಿನಲ್ಲಿ ಅದರ ಜಾಗ ಹೇಳಿದಂತೆ. ಯುದ್ಧ ಆಕಾಶದಿಂದ ಸುರಿಯುವ ಬೆಳ್ಳಿ ಎಳೆಗಳ ಮೇಲೆ. ಕೆಂಪು ನಕ್ಷತ್ರವೊಂದು ಹತ್ತಿರ ಬಂದಾಗಲೆಲ್ಲ ಆ ಎಳೆಗಳು ಮಳೆಯಂತೆ ಇಳಿದು, ಹುಲ್ಲು, ಮರ, ದನ, ಮನುಷ್ಯ, ಜೀವವಿರುವ ಯಾವುದನ್ನೂ ಬಿಡದೆ ತಿನ್ನುತ್ತವೆ. ನೆಲ ಮುಟ್ಟುವ ಮೊದಲೇ ಅವನ್ನು ಗಾಳಿಯಲ್ಲಿ ಸುಡಬೇಕು. ಅದಕ್ಕಾಗಿ ಡ್ರ್ಯಾಗನ್.

ಈ ಡ್ರ್ಯಾಗನ್‌ಗಳು ಎಲ್ಲಿಂದ ಬಂದವು? ಮೆಕ್‌ಕ್ಯಾಫ್ರಿ ಇದಕ್ಕೆ 1988ರ ‘ಡ್ರ್ಯಾಗನ್ಸ್‌ಡಾನ್’ ಕಾದಂಬರಿಯಲ್ಲಿ ಪೂರ್ತಿ ಉತ್ತರ ಕೊಟ್ಟರು. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದೂ ಅದೇ. ಭೂಮಿಯ ಯುದ್ಧ, ಗದ್ದಲ ಸಾಕಾಗಿ ಬೇಸಾಯ ಮಾಡಿಕೊಂಡು ನೆಮ್ಮದಿಯಾಗಿರಲು ಪರ್ನ್‌ಗೆ ಬಂದು ನೆಲೆಸಿದ ಜನರ ಕಥೆ ಅದು. ಎಂಟು ವರ್ಷ ಚೆನ್ನಾಗಿ ಕಳೆಯುತ್ತದೆ. ಆಮೇಲೆ ಒಂದು ದಿನ ಆಕಾಶದಿಂದ ಎಳೆಗಳು ಇಳಿಯುತ್ತವೆ. ತಂದ ಯಂತ್ರಗಳು ಎಷ್ಟು ದಿನ ಬಾಳುತ್ತವೆ? ಆಗ ಅವರ ನಡುವೆ ಇದ್ದ ಕಿಟ್ಟಿ ಪಿಂಗ್ ಎಂಬ ಮುದುಕಿ, ತಳಿವಿಜ್ಞಾನಿ, ಆ ಗ್ರಹದ್ದೇ ಆದ ಒಂದು ಪುಟ್ಟ ಜೀವಿಯ ಕಡೆ ನೋಡುತ್ತಾಳೆ. ಅದಕ್ಕೆ ಬೆಂಕಿಹಲ್ಲಿ ಎಂದು ಹೆಸರು. ಹೆಗಲ ಮೇಲೆ ಕೂರುವಷ್ಟು ಚಿಕ್ಕದು. ಅದಕ್ಕೂ ಅದೇ ಐದು ಬಣ್ಣ. ಒಂದು ಬಗೆಯ ಕಲ್ಲನ್ನು ಅಗಿದು ಬಾಯಿಂದ ಕಿಡಿ ಉಗುಳುತ್ತದೆ. ಇಲ್ಲಿ ಮಾಯವಾಗಿ ಅಲ್ಲಿ ಕಾಣಿಸಿಕೊಳ್ಳುತ್ತದೆ. ಹುಟ್ಟಿದ ಕೂಡಲೇ ಯಾರು ತುತ್ತು ಕೊಟ್ಟರೋ ಅವರಿಗೆ ಅಂಟಿಕೊಳ್ಳುತ್ತದೆ, ಅವರ ಸಂತೋಷ, ಭಯ ಅದಕ್ಕೆ ತಾನಾಗಿ ತಿಳಿಯುತ್ತದೆ.

ಕಿಟ್ಟಿ ಪಿಂಗ್ ಹೊರಗಿನಿಂದ ಬೆಂಕಿ ತಂದು ತುಂಬಲಿಲ್ಲ. ರೆಕ್ಕೆ ಜೋಡಿಸಲಿಲ್ಲ. ಪ್ರೀತಿಯನ್ನೂ ಸೇರಿಸಲಿಲ್ಲ. ಎಲ್ಲವೂ ಆ ಪುಟ್ಟ ಹಲ್ಲಿಯಲ್ಲಿ ಆಗಲೇ ಇದ್ದವು. ಇದ್ದುದನ್ನು ಹಿಗ್ಗಿಸಿದಳು. ಅಂಗೈಯಗಲದ ಕಿಡಿ ಆಕಾಶದಗಲದ ಜ್ವಾಲೆಯಾಯಿತು, ತುತ್ತಿನ ಋಣ ಸಾಯುವವರೆಗಿನ ನಂಟಾಯಿತು. ಕೆಲಸದ ನಡುವೆಯೇ ಅವಳು ಸತ್ತುಹೋಗುತ್ತಾಳೆ. ಡ್ರ್ಯಾಗನ್‌ಗಳು ಹಾರಿದ್ದನ್ನು ನೋಡುವ ಭಾಗ್ಯ ಅವಳಿಗಿರಲಿಲ್ಲ. ಮೊಮ್ಮಗಳು ಕೆಲಸ ಮುಂದುವರಿಸುತ್ತಾಳೆ. ಅವಳ ಕೈಯಲ್ಲಿ ಆದದ್ದು ಬೇರೆಯೇ: ಹಗಲ ಬೆಳಕು ತಡೆಯದ, ನೋಡಲು ಚಂದವಿಲ್ಲದ, ರಾತ್ರಿ ಸಂಚಾರದ ಕಾವಲು ಪ್ರಾಣಿಗಳು. ಒಂದೇ ವಂಶ, ಎರಡು ಕವಲು. ಒಂದು ಆಕಾಶಕ್ಕೆ, ಇನ್ನೊಂದು ಹೆಬ್ಬಾಗಿಲ ಕಾವಲಿಗೆ.

ಬೆಂಕಿಗೊಂದು ಬೆಲೆಯೂ ಇದೆ. ಡ್ರ್ಯಾಗನ್ ಅಗಿಯುವ ಆ ಕಲ್ಲಿನಲ್ಲಿ ಫಾಸ್ಫೀನ್ ಇದೆ. ಅದಕ್ಕೆಂದೇ ಇರುವ ಇನ್ನೊಂದು ಹೊಟ್ಟೆಗೆ ಇಳಿದು, ಅನಿಲವಾಗಿ ಹೊರಬಂದು, ಗಾಳಿ ತಾಕಿದೊಡನೆ ಹೊತ್ತಿಕೊಳ್ಳುತ್ತದೆ. ಹೆಣ್ಣು ಆ ಕಲ್ಲನ್ನು ಅಗಿದರೆ ಬಂಜೆಯಾಗುತ್ತದೆ. ಅದಕ್ಕೇ ರಾಣಿ ಕಲ್ಲು ಮುಟ್ಟುವುದಿಲ್ಲ. ಹಸಿರು ಅಗಿಯುತ್ತದೆ, ಸುಡುತ್ತದೆ, ತನಗೆ ಮರಿಗಳಿಲ್ಲದೆ ಬಾಳುತ್ತದೆ. ಪರ್ನ್‌ನ ಆಕಾಶವನ್ನು ಉಳಿಸುವವರಲ್ಲಿ ಹೆಚ್ಚಿನವರು ಹೀಗೆ ವಂಶವನ್ನು ಬಿಟ್ಟುಕೊಟ್ಟ ಹಸಿರು ಹೆಣ್ಣುಗಳು. ಇದನ್ನು ಓದಿದ ರಾತ್ರಿ ನನಗೆ ನಮ್ಮ ದೊಡ್ಡಮ್ಮ ನೆನಪಾದಳು. ಮದುವೆಯಾಗದೆ, ಟೀಚರ್ ಕೆಲಸ ಮಾಡಿ, ಐದು ಜನ ತಮ್ಮ ತಂಗಿಯರನ್ನು ದಡ ಮುಟ್ಟಿಸಿದವಳು. ಮನೆಯ ವಂಶವೃಕ್ಷ ಬರೆದ ಕಾಗದದಲ್ಲಿ ಅವಳ ಹೆಸರಿನ ಕೆಳಗೆ ಗೆರೆ ಇಳಿಯುವುದಿಲ್ಲ. ಆದರೆ ಆ ಕಾಗದದ ಕೆಳಗಿನ ಅರ್ಧ ಹೆಸರುಗಳು ಅವಳ ಉರಿಯಿಂದಲೇ ಉಳಿದವು.

ಡ್ರ್ಯಾಗನ್‌ಗೆ ವಂಶ ಕೊಟ್ಟವರು ಮೆಕ್‌ಕ್ಯಾಫ್ರಿ ಒಬ್ಬರೇ ಏನಲ್ಲ. ಟೋಲ್ಕಿನ್ನರ ಲೋಕದಲ್ಲಿ ಡ್ರ್ಯಾಗನ್‌ಗಳ ಪಿತಾಮಹ ಗ್ಲೌರುಂಗ್‌ಗೆ ಬೆಂಕಿಯಿತ್ತು, ರೆಕ್ಕೆಯಿರಲಿಲ್ಲ. ರೆಕ್ಕೆ ಬಂದದ್ದು ಬಹಳ ತಡವಾಗಿ, ಆ ಯುಗದ ಕೊನೆಯ ಮಹಾಯುದ್ಧದಲ್ಲಿ. ಅರ್ಸುಲಾ ಲೆ ಗ್ವಿನ್ ಅವರ ‘ತೆಹಾನು’ (1990) ಇನ್ನೂ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಮನುಷ್ಯರೂ ಡ್ರ್ಯಾಗನ್‌ಗಳೂ ಮೊದಲಿಗೆ ಒಂದೇ ಕುಲ. ಸ್ವಾತಂತ್ರ್ಯ ಬಯಸಿದವರು ಗಾಳಿಯ ಜೊತೆ ಹೋದರು, ಮನೆ ಆಸ್ತಿ ಬಯಸಿದವರು ನೆಲದಲ್ಲಿ ಉಳಿದರು. ಕಲ್ಪನೆಗೆ ಯಾವ ಲಗಾಮೂ ಇಲ್ಲದ ಕಡೆಯಲ್ಲೂ ಈ ಬರಹಗಾರರು ತಾವಾಗಿ ಒಂದು ಲಗಾಮು ಹಾಕಿಕೊಂಡರು: ಏನೇ ಬರಲಿ, ಅದಕ್ಕೆ ತಾಯಿ ಇರಬೇಕು. ಶೂನ್ಯದಿಂದ ಉದುರಿದ ಡ್ರ್ಯಾಗನ್ ನಮ್ಮನ್ನು ಒಂದು ಗಳಿಗೆ ಹೆದರಿಸಬಹುದು. ತಾಯಿ ಇರುವ ಡ್ರ್ಯಾಗನ್ ಮನಸ್ಸಿನಲ್ಲಿ ಬೀಡು ಬಿಡುತ್ತದೆ.

ಇದು ಕಥೆಗಾರರ ಕಟ್ಟುಪಾಡು ಮಾತ್ರವೇ ಎಂದು ನಾನು ಕೇಳಿಕೊಂಡದ್ದುಂಟು. ಉತ್ತರ ಸಿಕ್ಕಿದ್ದು ಮಲೆನಾಡಿನ ಒಂದು ಅಡಿಕೆ ತೋಟದಲ್ಲಿ. ಬೇಸಿಗೆಯ ಮಧ್ಯಾಹ್ನ, ಮರದ ಕಾಂಡದ ಮೇಲೆ ಒಣಗಿದ ತೊಗಟೆಯ ಚೂರೊಂದು ಅಲುಗಿದಂತಾಯಿತು. ನೋಡುತ್ತಿದ್ದಂತೆ ಅದರ ಗಂಟಲಿನಿಂದ ಒಂದು ಹಳದಿ ಪತಾಕೆ ಹೊರಚಾಚಿ ಒಳಸೇರಿತು. ಮರುಗಳಿಗೆ ಅದು ಮರ ಬಿಟ್ಟು ಗಾಳಿಗೆ ಬಿತ್ತು. ಬೀಳಲಿಲ್ಲ, ತೇಲಿತು. ತೇಲಿ ಆಚೆ ಮರ ಹಿಡಿದು ಮತ್ತೆ ತೊಗಟೆಯಾಯಿತು. ಪಕ್ಕದಲ್ಲಿದ್ದ ಕೊನೆ ಕೊಯ್ಯುವ ಹಿರಿಯರನ್ನು ಕೇಳಿದೆ. ‘ಹಾರೋತಿ ಮಾರಾಯ್ರೇ’ ಅಂದರು. ‘ರೆಕ್ಕೆ ಇಲ್ಲ ಅದಕ್ಕೆ. ಪಕ್ಕೆ ಬಿಚ್ಚಿಕೊಂಡು ಹಾರ್ತದೆ.’

ಅವರು ಹೇಳಿದ್ದು ಅಕ್ಷರಶಃ ನಿಜ. ಹಾರುವ ಓತಿಗೆ ಹಕ್ಕಿಯ ಹಾಗೆ ಮುಂಗಾಲು ರೆಕ್ಕೆಯಾಗಿಲ್ಲ, ಬಾವಲಿಯ ಹಾಗೆ ಬೆರಳು ಉದ್ದವಾಗಿಲ್ಲ. ಎಲ್ಲ ಓತಿಗಳಿಗೂ ಇರುವ ಪಕ್ಕೆಲುಬುಗಳೇ ಅದಕ್ಕೆ ಉದ್ದ ಬೆಳೆದು ಹೊರಕ್ಕೆ ಚಾಚಿವೆ, ಅವುಗಳ ನಡುವೆ ಚರ್ಮ ಹರಡಿದೆ. ಬೇಡವಾದಾಗ ಕೊಡೆ ಮಡಚಿದಂತೆ ಮಡಚಿ ಮೈಗೆ ಅಂಟಿಸಿಕೊಳ್ಳುತ್ತದೆ. ಉಸಿರಿನ ಗೂಡಾಗಿದ್ದ ಎಲುಬು ಹಾರಾಟದ ಹಾಯಿಯಾಯಿತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಓದಿದ ಕನ್ನಡಿಗರಿಗೆ ಈ ಓತಿ ಹೊಸದಲ್ಲ. ಆ ಕಾದಂಬರಿಯಲ್ಲಿ ಒಂದಿಡೀ ತಂಡ ಅದನ್ನು ಹುಡುಕಿಕೊಂಡು ಕಾಡು ಹೊಕ್ಕಿತ್ತು. ಈ ಕುಲಕ್ಕೆ 1758ರಲ್ಲಿ ಲಿನೇಯಸ್ ಇಟ್ಟ ಹೆಸರು ‘ಡ್ರ್ಯಾಕೊ’. ಲ್ಯಾಟಿನ್ ಭಾಷೆಯಲ್ಲಿ ಡ್ರ್ಯಾಗನ್ ಎಂದೇ ಅರ್ಥ. ಪಶ್ಚಿಮಘಟ್ಟದ ನಮ್ಮ ಓತಿ ‘ಡ್ರ್ಯಾಕೊ ಡುಸುಮಿಯೆರಿ’. ಪರ್ನ್‌ನ ಮುದುಕಿ ಕಥೆಯಲ್ಲಿ ಮಾಡಿದ್ದನ್ನು ಕಾಲವೆಂಬ ಮುದುಕಿ ನಮ್ಮ ಅಡಿಕೆ ತೋಟದಲ್ಲಿ ನಿಜವಾಗಿಯೇ ಮಾಡಿಟ್ಟಿದ್ದಾಳೆ. ಹೊಸದನ್ನು ತರಲಿಲ್ಲ. ಹಳೆಯದನ್ನೇ ಹಿಗ್ಗಿಸಿ ಹೊಸ ಕೆಲಸಕ್ಕೆ ಹಚ್ಚಿದಳು.

ಹಾಗಾದರೆ ಮಗಳ ಕಿರುಬೆರಳು? ಎರಡು ತಲೆಮಾರು ಎಲ್ಲಿ ಅಡಗಿತ್ತು ಅದು? ಬ್ರ್ನೋ ಪಟ್ಟಣದ ಮಠದ ತೋಟದಲ್ಲಿ ಗ್ರೆಗರ್ ಮೆಂಡೆಲ್ ಎಂಬ ಸನ್ಯಾಸಿ ಬಟಾಣಿ ಬೆಳೆಯುತ್ತ ಕೇಳಿದ್ದೂ ಇಂಥದೇ ಪ್ರಶ್ನೆ. ನುಣುಪು ಬಟಾಣಿಯನ್ನೂ ಸುಕ್ಕು ಬಟಾಣಿಯನ್ನೂ ಕೂಡಿಸಿದ. ಮೊದಲ ತಲೆಮಾರಿನಲ್ಲಿ ಎಲ್ಲವೂ ನುಣುಪು. ಸುಕ್ಕು ಸತ್ತೇಹೋಯಿತು ಅನ್ನಬೇಕು, ಮುಂದಿನ ತಲೆಮಾರಿನಲ್ಲಿ ಎಣಿಸಿದರೆ 5,474 ನುಣುಪು, 1,850 ಸುಕ್ಕು. ಮೂರಕ್ಕೊಂದು. ಕಾಣದಾದದ್ದು ಇಲ್ಲವಾಗಿರಲಿಲ್ಲ. 1866ರಲ್ಲಿ ಅಚ್ಚಾದ ಈ ಮಾತನ್ನು ಲೋಕ ಕಿವಿಗೊಟ್ಟು ಕೇಳಿದ್ದು 1900ರಲ್ಲಿ, ಮೆಂಡೆಲ್ ತೀರಿಕೊಂಡು ಹದಿನಾರು ವರ್ಷದ ಮೇಲೆ. ಇದೇ ಲೆಕ್ಕವನ್ನು ಶಾಲಾ ಮಕ್ಕಳಿಗೆ ಕಲಿಸಲು ಅಮೆರಿಕದ ಕಾನ್‌ಕಾರ್ಡ್ ಕನ್ಸಾರ್ಟಿಯಂ ಎಂಬ ಸಂಸ್ಥೆ ಕಂಪ್ಯೂಟರಿನೊಳಗೆ ಡ್ರ್ಯಾಗನ್‌ಗಳನ್ನೇ ಸಾಕಿತು. ಕೊಂಬು ಬರುತ್ತದೋ ಇಲ್ಲವೋ, ರೆಕ್ಕೆ ಬರುತ್ತದೋ ಇಲ್ಲವೋ, ಮಕ್ಕಳು ತಾಯಿ ತಂದೆಯ ಗುಣ ಜೋಡಿಸಿ ಮರಿಯನ್ನು ಊಹಿಸಬೇಕು. ಬಟಾಣಿಯ ಸತ್ಯಕ್ಕೆ ಡ್ರ್ಯಾಗನ್‌ನ ಬೆರಗು ಸಾಲ ಕೊಟ್ಟಿತು.

ಆದರೆ ಲೆಕ್ಕ ಮುಗಿದ ಮೇಲೂ ಉಳಿಯುವುದೊಂದಿದೆ. ಪರ್ನ್‌ನಲ್ಲಿ ಒಂದು ದಿನ ಎಲ್ಲ ಮೊಟ್ಟೆಗಳೂ ಒಡೆದು, ಒಂದು ಪುಟ್ಟ ಮೊಟ್ಟೆ ಮಾತ್ರ ಹಾಗೇ ಉಳಿಯುತ್ತದೆ. ಒಳಗಿನ ಮರಿಗೆ ಚಿಪ್ಪು ಒಡೆಯುವ ಶಕ್ತಿಯಿಲ್ಲ. ಜನ ಕೈಬಿಡುತ್ತಾರೆ. ನೋಡಲು ಬಂದಿದ್ದ ಜಾಕ್ಸಮ್ ಎಂಬ ಹುಡುಗ, ಅಲ್ಲಿ ನಿಲ್ಲುವ ಹಕ್ಕೇ ಇಲ್ಲದವನು, ಓಡಿಹೋಗಿ ಚಿಪ್ಪು ಒಡೆಯುತ್ತಾನೆ. ಹೊರಬಂದದ್ದು ಬಿಳಿ ಡ್ರ್ಯಾಗನ್. ಐದು ಬಣ್ಣದ ಲೋಕದಲ್ಲಿ ಬಿಳಿಗೆ ಜಾಗವಿಲ್ಲ. ಬದುಕುವುದಿಲ್ಲ ಅಂದರು, ಬದುಕಿತು. ಹಾರುವುದಿಲ್ಲ ಅಂದರು, ಹಾರಿತು. ರೂತ್ ಎಂಬ ಆ ಬಿಳಿ ಮರಿಗೆ ತಾನು ಯಾವ ಕಾಲದಲ್ಲಿದ್ದೇನೆಂದು ಸದಾ ಗೊತ್ತು. ಪೂರ್ವಜರಾದ ಬೆಂಕಿಹಲ್ಲಿಗಳು ಎಲ್ಲಿ ಕಂಡರೂ ಅದರ ಸುತ್ತ ಮುತ್ತಿಕೊಂಡು ತಮ್ಮ ಕುಲದ ಹಳೆಯ ನೆನಪುಗಳನ್ನು ಒಪ್ಪಿಸುತ್ತವೆ. ಎಲ್ಲರಿಗಿಂತ ದುರ್ಬಲವಾಗಿ ಹುಟ್ಟಿದ ಮರಿಯೇ ಎಲ್ಲರಿಗಿಂತ ಹಿಂದಿನದನ್ನು ಕೇಳಿಸಿಕೊಳ್ಳುತ್ತದೆ. ಅಂಥದೊಂದು ಮರಿ ಯಾವ ಮನೆಯಲ್ಲಾದರೂ ಹುಟ್ಟಬಹುದು. ನಮ್ಮಂತಿಲ್ಲವೆಂದು ನಾವು ಕೈಬಿಡುವ ಮಗು ನಮ್ಮ ಅತ್ಯಂತ ಹಳೆಯ ಅಜ್ಜಿಯ ಹಾಗಿರಬಹುದು. ಚಿಪ್ಪು ಒಡೆಯುವ ಒಂದು ಕೈ ಬೇಕು, ಅಷ್ಟೆ.

ನನ್ನ ಮಟ್ಟಿಗೆ ಬೆರಗು ಎಂದರೆ ಇದು. ಹಿಂದೆ ಇದ್ದುದು ಇಂದೂ ಇದೆ, ಆದರೆ ನಾವು ನಿರೀಕ್ಷಿಸಿದ ರೂಪದಲ್ಲಿಲ್ಲ. ಕಿಡಿ ಜ್ವಾಲೆಯಾಗಿ, ಪಕ್ಕೆ ರೆಕ್ಕೆಯಾಗಿ, ಮುಖವೇ ಗೊತ್ತಿಲ್ಲದ ಅಜ್ಜಿ ಮರಿಮಗಳ ಕಾಲ ಬೆರಳಾಗಿ ಬಂದಿದೆ.

ಹೆಣ್ಣು ಹಾರುವ ಓತಿ ಮರ ಬಿಟ್ಟು ನೆಲಕ್ಕೆ ಇಳಿಯುವುದು ಮೊಟ್ಟೆ ಇಡುವಾಗ ಮಾತ್ರ. ಮಣ್ಣಿನಲ್ಲಿ ಸಣ್ಣ ಗುಂಡಿ ತೋಡಿ, ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ, ಮತ್ತೆ ಮರ ಹತ್ತಿ ಹೋಗುತ್ತದೆ. ಮರಿ ಹೊರಬರುವ ದಿನ ಅಲ್ಲಿ ಕಾದ ಮರಳಿಲ್ಲ, ಸಾಲಾಗಿ ನಿಂತ ಹುಡುಗರಿಲ್ಲ, ಯಾರ ಹಾಗಿದೆ ಎಂದು ನೋಡಲು ತಾಯಿಯೂ ಇಲ್ಲ. ಮರಿ ತಾನೇ ಮಣ್ಣು ಸರಿಸಿ, ತಾನೇ ಮರ ಹತ್ತಿ, ಯಾರೂ ಕಲಿಸದೆಯೇ ಪಕ್ಕೆ ಬಿಚ್ಚಿ ಗಾಳಿಗೆ ಇಳಿಯುತ್ತದೆ.