ಹನ್ನೊಂದು ದಿನದ ದಾರಿ

 

ಇವತ್ತಿನ ವಾಕ್ಯ ಧರ್ಮೋಪದೇಶಕಾಂಡ 1:2. ಹೋರೇಬಿನಿಂದ ಕಾದೇಶ್ ಬರ್ನೇಯಕ್ಕೆ ಹನ್ನೊಂದು ದಿನದ ಪ್ರಯಾಣ ಅಂತ ಅಲ್ಲಿ ಬರೆದಿದೆ. ಗಮನಿಸಿ, ದೂರವನ್ನು ದಿನದಲ್ಲಿ ಹೇಳಿದ್ದಾರೆ. ನಾವೂ ಹಾಗೇ ಅಲ್ವಾ? ಬೆಂಗಳೂರು ಎಷ್ಟು ದೂರ ಅಂದ್ರೆ, "ಒಂದು ರಾತ್ರಿ" ಅಂತೀವಿ.

ನಿಮ್ಮಲ್ಲಿ ಅನೇಕರು ವಿಮಾನದ ಟಿಕೆಟ್ ಹುಡುಕಿರ್ತೀರಿ. ಬೆಂಗಳೂರಿಂದ ಸ್ಯಾನ್‌ಫ್ರಾನ್ಸಿಸ್ಕೊ ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ಏರ್ ಇಂಡಿಯಾ ನೇರ ವಿಮಾನ ಶುರು ಮಾಡಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಯ ಮಹಿಳಾ ಪೈಲಟ್‌ಗಳೇ ಮೊದಲ ವಿಮಾನವನ್ನು ಅಲ್ಲಿಂದ ಬೆಂಗಳೂರಿಗೆ ತಂದರು. 9ನೇ ತಾರೀಖು ರಾತ್ರಿ ಹೊರಟು, 11ರ ಬೆಳಗಿನ ಜಾವ ಇಳಿದರು. ಕ್ಯಾಲೆಂಡರ್ ನೋಡಿದ್ರೆ ಮೂರು ತಾರೀಖು. ಆದರೆ ಆಕಾಶದಲ್ಲಿ ಇದ್ದದ್ದು ಸುಮಾರು 17 ಗಂಟೆ ಮಾತ್ರ.

ಯಾವ ದಾರಿಯಲ್ಲಿ ಬಂದರು ಗೊತ್ತಾ? ಉತ್ತರ ಧ್ರುವದ ಮೇಲಿಂದ! ಗೋಡೆಯ ಮ್ಯಾಪ್ ನೋಡಿದ್ರೆ ಅದು ಸುತ್ತು ದಾರಿ ಅನಿಸುತ್ತೆ. ಆದರೆ ಭೂಮಿ ದುಂಡಗಿದೆ. ಗ್ಲೋಬ್ ಮೇಲೆ ಒಂದು ದಾರ ಎಳೆದು ನೋಡಿ, ಅದೇ ಹತ್ತಿರದ ದಾರಿ.

ಈಗ ಇಸ್ರಾಯೇಲ್ಯರನ್ನು ನೋಡಿ. ಕಾದೇಶ್‌ಗೆ ಬಂದು ಮುಟ್ಟಿದ್ರು. ವಾಗ್ದತ್ತ ದೇಶದ ಗಡಿ ಎದುರಿಗೇ ಇತ್ತು. ಅಲ್ಲಿ ಭಯಪಟ್ಟರು, ಗುಣುಗುಟ್ಟಿದರು, ದೇವರ ಮಾತು ಕೇಳಲಿಲ್ಲ. ಮತ್ತೆ 38 ವರ್ಷ ಅರಣ್ಯ! ದಾರಿ ಉದ್ದ ಆಗಲಿಲ್ಲ ಪ್ರಿಯರೇ, ಹೃದಯ ಗಟ್ಟಿಯಾಯಿತು.

ನನಗೆ ಗೊತ್ತಿರೋ ಒಬ್ಬ ತಮ್ಮ, ದೇವದುರ್ಗದವನು, ಬೆಂಗಳೂರಲ್ಲಿ ಕೆಲಸ. ರಾತ್ರಿ ರೈಲು ಹತ್ತಿದ್ರೆ ಬೆಳಿಗ್ಗೆ ರಾಯಚೂರು, ಅಲ್ಲಿಂದ ಬಸ್ಸಲ್ಲಿ ದೇವದುರ್ಗ. ಮಾನ್ವಿಯವರಿಗೂ ಅಷ್ಟೇ, ಒಂದು ಬಸ್ಸು. ಹೊಲದ ಪಾಲಿನ ವಿಷಯಕ್ಕೆ ಅಪ್ಪನ ಜೊತೆ ಮಾತು ಬಿಟ್ಟು ನಾಲ್ಕು ವರ್ಷ ಆಯ್ತು. ತಿಂಗಳಿಗೊಮ್ಮೆ ಫೋನ್‌ಪೇ ಮಾಡ್ತಾನೆ, ಫೋನ್ ಮಾಡಲ್ಲ. "ಯಾವಾಗ ಬರ್ತಿಪಾ?" ಅಂತ ತಾಯಿ ಕೇಳಿದ್ರೆ, "ರಜೆ ಇಲ್ಲವ್ವಾ" ಅಂತಾನೆ. ಒಂದು ರಾತ್ರಿಯ ದಾರಿ ನಾಲ್ಕು ವರ್ಷ ಆಗಿದೆ. ಅಪ್ಪನಿಗೂ ವಯಸ್ಸಾಗ್ತಿದೆ.

"ನಾನು ಸರಿ, ಅವರೇ ಮೊದಲು ಮಾತಾಡಲಿ." ಇದು ನಮ್ಮ ಗೋಡೆಯ ಮ್ಯಾಪ್. ಅದರಲ್ಲಿ ತಗ್ಗಿ ಹೋಗೋದು ಸುತ್ತು ದಾರಿ, ತಂಪು ದೇಶದ ದಾರಿ. ದೇವರ ಗ್ಲೋಬ್ ಮೇಲೆ ಅದೇ ಹತ್ತಿರದ ದಾರಿ. ಲೂಕ 15ರಲ್ಲಿ ಮಗ ದೂರದೇಶದಿಂದ ಎದ್ದು ಹೊರಟ. ಆದರೆ ಕೊನೆಯ ದೂರ ಅವನು ನಡೆಯಬೇಕಾಗಲಿಲ್ಲ, ತಂದೆಯೇ ಓಡಿ ಬಂದ. ಹಲ್ಲೆಲೂಯಾ!

ಎಲ್ಲಾ ಅಪ್ಪಂದಿರೂ ಓಡಿ ಬರ್ತಾರೆ ಅಂತ ನಾನು ಹೇಳಲ್ಲ. ಕೆಲವರು ಬಾಗಿಲಲ್ಲೇ ಮುಖ ತಿರುಗಿಸಬಹುದು. ಆದರೂ ನೀವು ಹೊರಡಿ. ಪರಲೋಕದ ತಂದೆ ನಿಮ್ಮ ಜೊತೆ ಇರ್ತಾರೆ.

ಕಣ್ಣು ಮುಚ್ಚಿ. ಕರ್ತನೇ, ಕಾದೇಶ್‌ನಲ್ಲಿ ನಿಂತುಬಿಟ್ಟಿರೋ ನಮ್ಮನ್ನು ಎಬ್ಬಿಸು. ಈ ವಾರವೇ ಒಂದು ಫೋನ್ ಮಾಡೋ ಧೈರ್ಯ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.