ಕದ್ದವನು, ಕಸಿದವನು

ಡೊಂಬಿವಲಿಯ ಲೋಕಲಿನಲ್ಲಿ ಚಾಕು ತೋರಿಸಿ ಸರ ಕಿತ್ತವನನ್ನೂ ಕಲ್ಯಾಣದ ಅಂಗಡಿಯಲ್ಲಿ ಸಾಬೂನನ್ನು ಮೆಲ್ಲನೆ ಚೀಲಕ್ಕಿಳಿಸಿದವನನ್ನೂ ನಾವು 'ಕಳ್ಳ' ಎಂದೇ ಕರೆಯುತ್ತೇವೆ. ಕಾನೂನು ಹಾಗೆನ್ನುವುದಿಲ್ಲ. ಕದಿಯಲೆಂದು ಹೊಡೆದರೆ, ಹೆದರಿಸಿದರೆ ಅದು ಸುಲಿಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಂತೆ ಅದಕ್ಕೆ 10 ವರ್ಷಗಳವರೆಗೆ ಕಠಿಣ ಸಜೆ. ರಾತ್ರಿ ಹೆದ್ದಾರಿಯಲ್ಲಾದರೆ 14ರವರೆಗೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯದನ್ನು ಕದ್ದು ಮೊದಲ ಸಲ ಸಿಕ್ಕಿಬಿದ್ದವನು ಅದನ್ನು ಹಿಂತಿರುಗಿಸಿದರೆ ಸಮುದಾಯ ಸೇವೆಯಷ್ಟೇ.

ಇದು ಬೆಲೆಯ ಮಾತಷ್ಟೇ ಅಲ್ಲ. ಹಾಗೆ ಸರ ಕಳೆದುಕೊಂಡ ನಮ್ಮ ನೆರೆಯ ಮಹಿಳೆಯೊಬ್ಬರು ಇಂದಿಗೂ ರಾತ್ರಿ ಗಾಡಿ ಹತ್ತುವುದಿಲ್ಲ. ಸರವೇನೋ ಮತ್ತೆ ಮಾಡಿಸಿಕೊಂಡಿದ್ದಾರೆ.

ಹಾಗಾದರೆ ಅಂಗಡಿಗಳ್ಳತನ ಹಗುರವೇ? ನಮಗೆ ಸಂದೇಹ. ಸುಲಿದವನ ಮುಖವನ್ನಾದರೂ ಕಾಣಬಹುದು. ಈತನ ಮುಖ ಯಾರಿಗೂ ಕಾಣದ್ದರಿಂದಲೇ ಅಂಗಡಿಯವನು ಎಲ್ಲರ ಚೀಲವನ್ನೂ ಬಾಗಿಲಲ್ಲಿ ಇಡಿಸುತ್ತಾನೆ. ಊರು ಬಿಟ್ಟು ಬಂದ ಹೊಸತರಲ್ಲಿ, ಮರಾಠಿಯಲ್ಲಿ ತಡವರಿಸುತ್ತಿದ್ದ ನಮ್ಮ ಬೆನ್ನ ಹಿಂದೆಯೇ ಅಂಗಡಿಯ ಹುಡುಗ ಸುಳಿದಾಡಿದ್ದನ್ನು ನಾವಿನ್ನೂ ಮರೆತಿಲ್ಲ.

ಮೊನ್ನೆ ಇದನ್ನೆಲ್ಲ ಮಗಳಿಗೆ ವಿವರಿಸುತ್ತಿದ್ದಾಗ ಅವಳು ಕೇಳಿದಳು: "ಅಪ್ಪಾ, ನಾನು ಬರೆಯುತ್ತಿರುವ ಈ ಪೆನ್ನು ನಿಮ್ಮ ಆಫೀಸಿನದಲ್ಲವೇ?"

ಮರುದಿನ ಅದನ್ನು ಕಿಸೆಗೆ ಸಿಕ್ಕಿಸಿಕೊಂಡು 8ರ ಗಾಡಿ ಹಿಡಿದೆವು. ಮನೆಯಲ್ಲಿ ಇನ್ನೂ ಐದಾರು ಉಳಿದಿವೆ.