ಉಸಿರಿನ ಋಣ

ಸಾವಿಗೆ ಸಾಕ್ಷಿಯಿದ್ದರೆ ನ್ಯಾಯ ಕೇಳುವುದು ಸುಲಭ. ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಸಿಡಿದು ಕೆಲಸಗಾರನೊಬ್ಬ ಸತ್ತರೆ ದಿನ, ವೇಳೆ, ಸ್ಥಳ ಎಲ್ಲವೂ ಗೊತ್ತಿರುತ್ತಿತ್ತು. ಅದೇ ಬಂಡೆ ಧೂಳಾಗಿ ಎದೆ ಸೇರಿ ಇಪ್ಪತ್ತು ವರ್ಷದ ಮೇಲೆ ಕೊಂದರೆ, ಆ ಸಾವಿಗೆ ಯಾವ ದಿನ, ಯಾವ ವೇಳೆ?

ಸಿಲಿಕೋಸಿಸ್ ಅಂಥ ಕಾಯಿಲೆ. ಕಲ್ಲು ಕೊರೆಯುವಾಗ ಏಳುವ ನುಣ್ಣನೆಯ ಧೂಳಿನಿಂದ ಶ್ವಾಸಕೋಶ ಗಡುಸಾಗುತ್ತದೆ. ಕೆಲಸ ಬಿಟ್ಟ ಮೇಲೂ ರೋಗ ಬೆಳೆಯಬಹುದು, ಕ್ಷಯಕ್ಕೂ ದಾರಿಯಾಗಬಹುದು. ವಾಸಿಮಾಡುವ ಮದ್ದಿಲ್ಲ. 1947ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಇಲ್ಲಿಯ ಕೆಲಸಗಾರರ ಪೈಕಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿಗೆ ಅದು ಕಂಡುಬಂದಿತ್ತು. 1956ರಲ್ಲಿ ಗಣಿ ಇಂಗ್ಲಿಷ್ ಕಂಪೆನಿಗಳಿಂದ ಮೈಸೂರು ಸರ್ಕಾರಕ್ಕೂ, 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಬಂತು. 2001ರ ಫೆಬ್ರವರಿ 28ರಂದು ಮುಚ್ಚಿತು. ಒಡೆಯರು ಬದಲಾದರು, ರೋಗಿಯ ಎದೆ ಮಾತ್ರ ಅದೇ ಉಳಿಯಿತು.

ನಿಧಾನವಾಗಿ ಕೊಲ್ಲುವ ರೋಗಗಳಿಗೆಲ್ಲ ಈ ಗುಣ ಉಂಟು. ಕಾರಣಕ್ಕೂ ಫಲಕ್ಕೂ ನಡುವೆ ಕಾಲ ಬಂದು ನಿಲ್ಲುತ್ತದೆ. ಅದರ ಮರೆಯಲ್ಲಿ ಹೊಣೆ ಜಾರಿಕೊಳ್ಳುತ್ತದೆ. ಹೃದ್ರೋಗ, ಸಕ್ಕರೆ ಕಾಯಿಲೆಗಳು ಸಿರಿವಂತರ ರೋಗವೆಂಬ ಮಾತು ಇನ್ನೂ ಕೇಳಿಬರುತ್ತದೆ. ಆದರೆ 2021ರಲ್ಲಿ ಇಂಥ ಅಂಟದ ರೋಗಗಳಿಂದ ಸತ್ತ ಸುಮಾರು 4.3 ಕೋಟಿ ಜನರಲ್ಲಿ ನೂರಕ್ಕೆ 73 ಮಂದಿ ಬಡ ಹಾಗೂ ಮಧ್ಯಮ ವರಮಾನದ ದೇಶಗಳವರೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ರೋಗಿಗೂ ಹೊಣೆಯಿಲ್ಲವೆ ಎಂದು ಕೇಳಬಹುದು. ಉಂಟು, ಬೀಡಿ ಬಿಡುವುದು ಅವನ ಕೈಯಲ್ಲಿದೆ. ಆದರೆ ಗಣಿ ಮುಚ್ಚಿದ ಮೇಲೆ ನಸುಕಿನಲ್ಲೇ ಬಂಗಾರಪೇಟೆಯ ಮೇಲೆ ಹಾಯುವ ರೈಲು ಹಿಡಿದು ಬೆಂಗಳೂರಿನಲ್ಲಿ ದುಡಿದು ರಾತ್ರಿ ಮನೆ ಸೇರುವವನಿಗೆ, "ಹೊತ್ತಿಗೆ ಸರಿಯಾಗಿ ಉಣ್ಣು, ಸಂಜೆ ನಡೆದಾಡು" ಎಂದರೆ ಏನು ಹೇಳಿದಂತಾಯಿತು? ಬುದ್ಧಿಮಾತು ಸರಿ, ಹೊತ್ತು ಅವನದಲ್ಲ.

ಈ ಗಣಿಗಳಿಂದ ತೆಗೆದ ಚಿನ್ನ 800 ಟನ್ನಿಗೂ ಹೆಚ್ಚು. ಚಿನ್ನಕ್ಕೆ ತುಕ್ಕಿಲ್ಲ, ನಾಶವಿಲ್ಲ. ಅದರ ಗುಲಗಂಜಿ ತೂಕದಷ್ಟು ನಮ್ಮ ನಿಮ್ಮ ಒಡವೆಯಲ್ಲೂ ಇದ್ದೀತು. ತಂದೆಯ ಆಸ್ತಿ ಪಡೆದವನು ತಂದೆಯ ಸಾಲವನ್ನೂ ತೀರಿಸಬೇಕೆಂಬುದು ನಮ್ಮವರ ನ್ಯಾಯ. ಹಾಗಾದರೆ ಚಿನ್ನ ನಮ್ಮಲ್ಲಿ ಉಳಿದು ಕೆಮ್ಮು ಅವರಲ್ಲಿ ಉಳಿಯುವುದು ಯಾವ ನ್ಯಾಯ? ನನಗೆ ತೋರುವಂತೆ, ಎಂದಿನಿಂದ ರೋಗ, ಯಾರ ಕಾಲದ ಧೂಳು ಎಂದು ರೋಗಿಯನ್ನು ಪುರಾವೆ ಕೇಳಬಾರದು. ಅವನು ಗಣಿಗಿಳಿದು ದುಡಿದನೆಂಬುದೊಂದೇ ಪುರಾವೆ ಸಾಕು. ಉಳಿದ ಲೆಕ್ಕ ಸಾಲಗಾರರಾದ ನಮ್ಮದು.